ಹಳೆ ಪೇಟಿಯ ವಯಸ್ಸು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ಹಳೆ ಹಾರ್ಮೋನಿಯಂ ಕಂಡರೆ ಸಾಕು, ‘ನೂರು ವರ್ಷದ ಪೇಟಿ, ಜರ್ಮನ್ ರೀಡು’ ಎಂಬ ಮಾತು ಬಂದೇ ಬರುತ್ತದೆ. ಬನಶಂಕರಿ ಜಾತ್ರೆಗೆ ಇಂದಿಗೂ ನಾಟಕ ಕಂಪನಿಗಳು ಬಂದು ಥಿಯೇಟರ್ ಹಾಕುವ, ‘ರಕ್ತರಾತ್ರಿ’ ಬರೆದ ಕಂದಗಲ್ಲ ಹನುಮಂತರಾಯರನ್ನು ಕೊಟ್ಟ ನೆಲವಿದು; ಇಲ್ಲಿ ಅಟ್ಟದ ಮೇಲೊಂದು ಪೇಟಿ ಸಿಕ್ಕರೆ ಅಚ್ಚರಿಯಿಲ್ಲ. ಆದರೆ ಇಂಥ ಪೇಟಿಗಳನ್ನು ನೋಡುತ್ತ ನಾನು ಕಲಿತದ್ದೆಂದರೆ, ಪೇಟಿಗೆ ಒಂದೇ ವಯಸ್ಸಿರುವುದಿಲ್ಲ; ಪೆಟ್ಟಿಗೆ, ಸ್ವರ ಹೊರಡಿಸುವ ಲೋಹದ ರೀಡು, ಹೆಸರುಪಟ್ಟಿ ಬೇರೆಬೇರೆ ಕಾಲದವಿರಬಹುದು. ನಮ್ಮ ಪೇಟಿಯಲ್ಲಿ ಸಾಮಾನ್ಯವಾಗಿ ಇರುವುದು ಎರಡು ಮೊಳೆಯ ಹೆಸರುಪಟ್ಟಿ. ಅದನ್ನು ಕಿತ್ತು ಬೇರೊಂದನ್ನು ಬಡಿಯಲು ಐದು ನಿಮಿಷ ಸಾಕು.

ಹಾಗಾದರೆ ಯಾವ ಸಾಕ್ಷಿ ನಂಬಬೇಕು? ‘ಇದಕ್ಕಿಂತ ಮೊದಲು ಸಾಧ್ಯವೇ ಇಲ್ಲ’ ಎನ್ನುವ ಸಾಕ್ಷಿ ಗಟ್ಟಿ. ಪಟ್ಟಿಯ ಮೇಲೆ ಆರಂಕಿಯ ಪಿನ್‌ಕೋಡ್ ಇದ್ದರೆ ಆ ಪಟ್ಟಿ 1972ರ ನಂತರದ್ದು. ರೀಡಿನ ಮೇಲೆ ‘ವೆಸ್ಟ್ ಜರ್ಮನಿ’ ಎಂಬ ಅಚ್ಚಿದ್ದರೆ 1949ರ ಈಚಿನದು; ರೀಡು ಜರ್ಮನಿಯದೇ ಹೌದು, ನೂರು ವರ್ಷದ್ದಲ್ಲ. ನಕ್ಷತ್ರದಂಥ ತಲೆಯ ಸ್ಕ್ರೂ 1930ರ ದಶಕದಲ್ಲಿ ಬಳಕೆಗೆ ಬಂದದ್ದು. ಅದಿದ್ದಲ್ಲಿ ಆಮೇಲೆ ಕೈ ಬಿದ್ದಿದೆ ಎಂದೇ ಅರ್ಥ. ‘ಇದರ ನಂತರದ್ದಲ್ಲ’ ಎನ್ನುವ ಸಾಕ್ಷಿ ಮಾತ್ರ ಸಡಿಲ. ಪೆಟ್ಟಿಗೆಯ ಮೇಲೆ ‘ಜಿ. ಬಿಜಾಪುರ’ ಎಂದು ಬಣ್ಣದಲ್ಲಿ ಬರೆದಿದ್ದರೆ ಬಾಗಲಕೋಟೆ ಜಿಲ್ಲೆಯಾದ 1997ಕ್ಕಿಂತ ಹಿಂದಿನದು ಎನ್ನಬಹುದು, ‘ಮೈಸೂರು ರಾಜ್ಯ’ ಎಂದಿದ್ದರೆ 1956ರಿಂದ 1973ರ ನಡುವಿನದು ಎನ್ನಬಹುದು. ಆದರೆ ರೂಢಿಯ ಬಲದಿಂದ ಹಳೆ ವಿಳಾಸವನ್ನೇ ಬರೆಯುತ್ತ ಬಂದವರೂ ಉಂಟು. ಮಾದರಿಯೂ ಕೈಕೊಡುತ್ತದೆ. ಪ್ಯಾರಿಸಿನ ದೆಬೈನ್ 1840ರ ದಶಕದಲ್ಲಿ ರೂಪಿಸಿದ ಹಾರ್ಮೋನಿಯಂ ಕಾಲಿನಿಂದ ತುಳಿಯುವಂಥದ್ದು. ಕೈಯಿಂದ ತಿದಿ ಒತ್ತುವ ಪೇಟಿಯನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷರು ರೂಪಿಸಿದ್ದು 19ನೇ ಶತಮಾನದ ಕೊನೆಗೆ. ಹಾಗೆಂದು ಕಾಲಪೇಟಿಯೆಲ್ಲ ಹಳೆಯದಲ್ಲ. ಎರಡೂ ಕೈ ನುಡಿಸಲು ಬಿಡುವಾಗಿರಲಿ ಎಂದು ನಾಟಕ ಕಂಪನಿಯ ಪೇಟಿ ಮಾಸ್ತರರಿಗೆ ಅದು ಮುಂದೆಯೂ ಬೇಕಾಗಿತ್ತು.

ರೀಡೇ ಅಂತಿಮ ಸಾಕ್ಷಿ ಎನ್ನುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಒಳ್ಳೆಯ ರೀಡನ್ನು ಹಳೆ ಪೇಟಿಯಿಂದ ತೆಗೆದು ಹೊಸದಕ್ಕೆ ಕೂರಿಸುವುದುಂಟು, ಗುಜರಾತಿನ ಪಾಲಿತಾಣಾದ ರೀಡನ್ನು ಹಳೆ ಪೆಟ್ಟಿಗೆಗೆ ಹಾಕುವುದೂ ಉಂಟು. ರೀಡಿನ ನಾಲಗೆಯ ಮೇಲಿನ ಗೀರುಗಳು ಶ್ರುತಿ ಎಷ್ಟು ತಿದ್ದಿದ್ದಾರೆಂದು ಹೇಳುತ್ತವೆ, ಎಷ್ಟು ವರ್ಷವೆಂದಲ್ಲ. ಆದ್ದರಿಂದ ನೋಡಬೇಕಾದದ್ದು ರೀಡು ಕೂತ ಹಲಗೆಯನ್ನು: ಖಾಲಿ ಬಿದ್ದ ಸ್ಕ್ರೂ ತೂತುಗಳು, ರೀಡಿನ ಅಳತೆಗೆ ಹೊಂದದ ಹಳೆ ಗುರುತು, ಒಂದೇ ಮರದಲ್ಲಿ ಎರಡು ಬಣ್ಣ. ಇವು ಸುಳ್ಳು ಹೇಳುವುದು ಕಡಿಮೆ. ‘ನಾದ ಚೆನ್ನಾಗಿದ್ದರಾಯಿತು, ವಯಸ್ಸು ಯಾರಿಗೆ ಬೇಕು?’ ಎಂಬ ಆಕ್ಷೇಪ ನ್ಯಾಯವಾದದ್ದೇ, ನುಡಿಸುವವರ ಮಟ್ಟಿಗೆ. ಆದರೆ ವಯಸ್ಸಿನ ಹೆಸರಿನಲ್ಲಿ ಬೆಲೆ ಏರುವುದು, ಹಳತೆಂದು ತಿಳಿಯದೆ ಮೂಲ ರೀಡು ಗುಜರಿಗೆ ಹೋಗುವುದು, ಎರಡೂ ನಡೆಯುತ್ತಿವೆ. ಮನೆಯಲ್ಲಿ ಪೇಟಿ ಇದ್ದವರಲ್ಲಿ ನನ್ನ ಕೋರಿಕೆ ಇಷ್ಟೇ: ರಿಪೇರಿಗೆ ಕೊಡುವ ಮುನ್ನ ಒಳಗಿನ ಹಲಗೆಯ ಫೋಟೊ ತೆಗೆದಿಡಿ, ಬಿಚ್ಚಿದ ರೀಡು, ಸ್ಕ್ರೂಗಳನ್ನು ಕೇಳಿ ವಾಪಸು ಪಡೆಯಿರಿ.