ಆರೈಕೆಯೆಂಬ ಕಾಯಕ: ಅದರ ಫಲ ಮತ್ತು ಅದರ ಲೆಕ್ಕ



ಈ ಸಂಚಿಕೆಯ ಅಭ್ಯಾಸಕ್ಕೆ ನಾವು ಆರಿಸಿಕೊಂಡ ವಿಷಯವು ನಮ್ಮ ಮನೆಗಳೊಳಗೇ ಇರುವಂಥದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಎಷ್ಟೋ ಮನೆತನಗಳ ಮಕ್ಕಳು ಇಂದು ಪುಣೆ, ಮುಂಬಯಿ, ಬೆಂಗಳೂರುಗಳಲ್ಲಿ ನೆಲೆಸಿದ್ದಾರೆ. ವೃದ್ಧ ತಂದೆತಾಯಿಗಳು ಹೊಲ, ಮನೆ, ಅಂಗಡಿ ಕಾಯುತ್ತ ಊರಲ್ಲಿ ಉಳಿದಿದ್ದಾರೆ. ಇಲ್ಲವೆ ಮಗನ ಹಿಂದೆ ಹೋಗಿ ಪಟ್ಟಣದ ಮೂರನೆಯ ಅಂತಸ್ತಿನ ಮನೆಯಲ್ಲಿ ಕುಳಿತಿದ್ದಾರೆ. 2011ರ ಜನಗಣತಿಯ ಪ್ರಕಾರ 60 ವರ್ಷ ದಾಟಿದವರು ನಮ್ಮ ದೇಶದಲ್ಲಿ 10 ಕೋಟಿಗೂ ಮಿಕ್ಕಿದ್ದರು. ಅವರಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಲಕ್ವ ಹೊಡೆದವರಿದ್ದಾರೆ, ಮರೆವಿನ ಬೇನೆಯವರಿದ್ದಾರೆ. ಇಂಥವರ ಮನೆಯಲ್ಲಿಯೇ ವಾಸವಿದ್ದು ಹಗಲಿರುಳು ಆರೈಕೆ ಮಾಡುವವರ ಅವಶ್ಯಕತೆ ಬೆಳೆದಿದೆ. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು, ವಿಧವೆಯರು, ಕೆಲವು ತರುಣರೂ ಈ ಕೆಲಸಕ್ಕೆ ಹೋಗುತ್ತಿದ್ದಾರೆ.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಈ ಕೆಲಸದಿಂದ ಮಾಡುವವರಿಗೆ ದೊರೆಯುವ ಫಲವೇನು? ಮಾಡಿಸಿಕೊಳ್ಳುವ ಮನೆಯವರು ಅವರಿಗೆ ಸಲ್ಲಿಸಬೇಕಾದುದೇನು?

ಇದು ಕೀಳು ಕೆಲಸವೇ?

ಪರರ ಮಲಮೂತ್ರ ಬಳಿಯುವ ಕೆಲಸವೆಂದು ಹೇಳಿಕೊಳ್ಳಲು ಕೆಲವರು ನಾಚುತ್ತಾರೆ. ಮಗಳು ಪುಣೆಯಲ್ಲಿ 'ಕಂಪನಿ'ಯಲ್ಲಿದ್ದಾಳೆ ಎಂದು ಊರಲ್ಲಿ ಹೇಳುವ ತಂದೆಯರೂ ಇದ್ದಾರೆ. ಆದರೆ ಹನ್ನೆರಡನೆಯ ಶತಮಾನದ ಶರಣರಲ್ಲಿ ಚಪ್ಪಲಿ ಹೊಲಿಯುವವರು, ಬಟ್ಟೆ ಮಡಿ ಮಾಡುವವರು, ಹಗ್ಗ ಹೊಸೆಯುವವರು ಎಲ್ಲರೂ ಒಂದೇ ಪಂಕ್ತಿಯಲ್ಲಿದ್ದರು. ದುಡಿಮೆಯಲ್ಲಿ ಮೇಲು ಕೀಳು ಎಣಿಸದ ಆ ಪರಂಪರೆಯವರು ನಾವು. ಹೆತ್ತ ತಾಯಿಗೆ ಮಾಡಿದರೆ ಸೇವೆ, ಪರರ ತಾಯಿಗೆ ಮಾಡಿದರೆ ಕೀಳು ಕೆಲಸ ಎಂಬ ತರ್ಕಕ್ಕೆ ಆಧಾರವಿಲ್ಲ.

ಮೊದಲ ಫಲ: ಉಳಿತಾಯ

ಕೃಷಿಕರೂ ವ್ಯಾಪಾರಿಗಳೂ ಆದ ನಮಗೆ ಜಮಾ-ಖರ್ಚಿನ ಭಾಷೆಯೇ ಬೇಗ ತಿಳಿಯುತ್ತದೆ. ಒಬ್ಬಳು ಪಟ್ಟಣದಲ್ಲಿ ತಿಂಗಳಿಗೆ 17,000 ರೂಪಾಯಿ ಪಗಾರಕ್ಕೆ ಅಂಗಡಿಯಲ್ಲಿ ದುಡಿಯುತ್ತಾಳೆ ಎಂದಿಟ್ಟುಕೊಳ್ಳೋಣ. ಕೋಣೆಯ ಬಾಡಿಗೆ 5,000, ಊಟ 5,000, ಬಸ್ಸು ಮತ್ತು ಇತರ ಖರ್ಚು 2,000 ಕಳೆದರೆ ಉಳಿಯುವುದು 5,000. ಇನ್ನೊಬ್ಬಳು 14,000ಕ್ಕೆ ಮನೆಯಲ್ಲಿಯೇ ಇದ್ದು ಆರೈಕೆ ಮಾಡುತ್ತಾಳೆ. ಊಟ, ವಸತಿ ಮನೆಯವರದು. ಕೈಖರ್ಚು 2,000 ಕಳೆದರೆ 12,000 ಉಳಿಯುತ್ತದೆ. ವರ್ಷಕ್ಕೆ ಒಬ್ಬಳದು 60,000, ಇನ್ನೊಬ್ಬಳದು 1,44,000. ಇವು ತಿಳಿವಳಿಕೆಗಾಗಿ ಇಟ್ಟುಕೊಂಡ ಅಂಕಿಗಳು, ಊರೂರಿಗೆ ಪಗಾರ ಬೇರೆ. ಆದರೂ ತತ್ವ ಸ್ಪಷ್ಟವಿದೆ: ಈ ಕೆಲಸದಲ್ಲಿ ಪಗಾರ ಕಡಿಮೆ ಕಂಡರೂ ಉಳಿತಾಯ ಹೆಚ್ಚು.

ಆದರೆ ಕಿರ್ದಿಯ ಇನ್ನೊಂದು ಮಗ್ಗುಲನ್ನೂ ಬರೆಯಬೇಕು. ಅಲ್ಲಿರುವುದು ಕೆಟ್ಟ ನಿದ್ದೆ, ಸ್ವಂತ ಮಕ್ಕಳಿಂದ ಅಗಲಿಕೆ, ಹಬ್ಬ ಜಾತ್ರೆಗಳು ತಪ್ಪುವುದು. ಈ ಖರ್ಚು ಮನೆಯವರಿಗೆ ಕಾಣುವುದಿಲ್ಲ. ಅದನ್ನು ತೆರುವವಳಿಗೆ ಮಾತ್ರ ಗೊತ್ತು. ಉಳಿದ ಹಣವನ್ನು ಅವಳ ಸ್ವಂತ ಹೆಸರಿನ ಖಾತೆಯಲ್ಲಿಡುವುದು ಅವಶ್ಯ. 18ರಿಂದ 40 ವರ್ಷದವರು, ಆದಾಯ ತೆರಿಗೆ ಕಟ್ಟದವರಾದರೆ, ಅಟಲ್ ಪೆನ್ಶನ್ ಯೋಜನೆಗೆ ಸೇರಬಹುದು. 60ರ ನಂತರ ಕಟ್ಟಿದ ಕಂತಿಗೆ ತಕ್ಕಂತೆ ತಿಂಗಳಿಗೆ 1,000ದಿಂದ 5,000 ರೂಪಾಯಿ ಬರುತ್ತದೆ. ಪರರ ಮುಪ್ಪನ್ನು ನೋಡಿಕೊಂಡವಳಿಗೆ ತನ್ನ ಮುಪ್ಪಿನಲ್ಲಿ ಆಸರೆಯಿಲ್ಲದಂತೆ ಆಗಬಾರದು.

ಎರಡನೆಯ ಫಲ: ವಿದ್ಯೆ

ಒಂದೆರಡು ವರ್ಷ ಶ್ರದ್ಧೆಯಿಂದ ಆರೈಕೆ ಮಾಡಿದವರು ಕಲಿಯುವುದು ಸಣ್ಣ ವಿದ್ಯೆಯಲ್ಲ. ಹಾಸಿಗೆ ಹಿಡಿದವರನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ಕೆಂಪಗಾದ ಚರ್ಮವೇ ಅದರ ಮೊದಲ ಗುರುತು. ನುಂಗಲು ಕಷ್ಟಪಡುವವರನ್ನು ಮಲಗಿಸಿ ಉಣಿಸಬಾರದು, ನೆಟ್ಟಗೆ ಕೂಡಿಸಿ ಸಣ್ಣ ತುತ್ತು ಕೊಡಬೇಕು, ಉಂಡ ಮೇಲೆ ಅರ್ಧ ತಾಸಾದರೂ ಕೂಡಿಸಿರಬೇಕು. ಇಲ್ಲವಾದರೆ ಅನ್ನ ಶ್ವಾಸನಾಳಕ್ಕೆ ಇಳಿಯಬಹುದು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಬೆವತು, ನಡುಗಿ, ತೊದಲತೊಡಗಿದರೆ ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಬೇಕು. ಬಾಯಿ ಒಂದು ಕಡೆ ಸೊಟ್ಟಗಾಗಿ, ಒಂದು ಕೈ ಬಿದ್ದು, ಮಾತು ತಡವರಿಸಿದರೆ ಅದು ಲಕ್ವದ ಲಕ್ಷಣ. ಕೆಲವು ರೋಗಿಗಳಿಗೆ ರಕ್ತದ ಹೆಪ್ಪು ಕರಗಿಸುವ ಔಷಧವನ್ನು ನಾಲ್ಕೂವರೆ ತಾಸಿನೊಳಗೇ ಕೊಡಬೇಕಾಗುವುದರಿಂದ ನಾಟಿ ಎಣ್ಣೆ ತಿಕ್ಕುತ್ತ ಕೂಡದೆ ತಕ್ಷಣ ದವಾಖಾನೆಗೆ ಒಯ್ಯಬೇಕು.

ಇದನ್ನು ಬಲ್ಲವಳು ಊರಿಗೆ ಮರಳಿದಾಗ ಅವಳ ಮನೆಗಷ್ಟೇ ಅಲ್ಲ, ಓಣಿಗೇ ಉಪಯೋಗ. ಮನೆ ಆರೈಕೆಗೆ ಕೌಶಲ್ಯ ತರಬೇತಿಗಳೂ ಇವೆ. ಅನುಭವದ ಜೊತೆಗೆ ಪ್ರಮಾಣಪತ್ರವಿದ್ದರೆ ಪಗಾರ ಕೇಳುವಾಗ ಮಾತಿಗೆ ತೂಕ ಬರುತ್ತದೆ.

ಗಡಿಭಾಗದವರಿಗೆ ಇನ್ನೊಂದು ವಿಶೇಷವಿದೆ. ಮರೆವಿನ ಬೇನೆ ಬಂದ ಹಿರಿಯರಲ್ಲಿ ನಂತರ ಕಲಿತ ಭಾಷೆ ಮೊದಲು ಜಾರಿ, ತೊಟ್ಟಿಲಲ್ಲಿ ಕೇಳಿದ ಭಾಷೆ ಕೊನೆಯವರೆಗೆ ಉಳಿಯುವುದುಂಟು. ನಲವತ್ತು ವರ್ಷ ಪುಣೆಯಲ್ಲಿ ಮರಾಠಿಯಲ್ಲಿ ವ್ಯವಹರಿಸಿದ ಅಜ್ಜಿ ಈಗ ಕನ್ನಡದಲ್ಲಿ ನೀರು ಕೇಳುತ್ತಾಳೆ, ಮೊಮ್ಮಕ್ಕಳಿಗೆ ತಿಳಿಯುವುದಿಲ್ಲ. ಅಂಥ ಮನೆಯಲ್ಲಿ ಅಕ್ಕಲಕೋಟೆಯ ಕಡೆಯ ಹೆಣ್ಣುಮಗಳು ಅಜ್ಜಿಯೊಡನೆ ಕನ್ನಡದಲ್ಲಿ, ಸೊಸೆ ಮತ್ತು ಡಾಕ್ಟರರೊಡನೆ ಮರಾಠಿಯಲ್ಲಿ ಮಾತನಾಡಬಲ್ಲಳು. ಶಾಲೆಯಲ್ಲಿ ಎರಡು ಭಾಷೆ ಹೊರೆಯೆನಿಸಿದ್ದರೂ ಇಲ್ಲಿ ಅದೇ ಅವಳ ಬಂಡವಾಳ.

ಮೂರನೆಯ ಫಲ: ಬಾಂಧವ್ಯ

ಮೂರನೆಯದನ್ನು ಅಂಕಿಯಲ್ಲಿ ಬರೆಯಲಾಗದು. ಮಾತು ಬಿಟ್ಟಿದ್ದ ಮುದುಕರು ಕೈ ಹಿಡಿದುಕೊಂಡು ಮಲಗುವುದು, ಎದ್ದು ನಿಲ್ಲದವರು ಎಂಟು ಹೆಜ್ಜೆ ಇಡುವುದು, ಕೊನೆಯ ಗಳಿಗೆಯಲ್ಲಿ ಯಾರೂ ಇಲ್ಲವೆಂದು ಅಂಜದೆ ಒಬ್ಬರು ಕಣ್ಣು ಮುಚ್ಚುವುದು: ಇವುಗಳ ತೃಪ್ತಿ ಆರೈಕೆ ಮಾಡಿದವರಿಗೇ ಗೊತ್ತು. ವೃದ್ಧರ ಜೀವನಾನುಭವವೂ ದಿನದಿನ ಕಿವಿಗೆ ಬೀಳುತ್ತದೆ.

ಆದರೆ ಇಲ್ಲಿಯೇ ಒಂದು ಎಚ್ಚರಿಕೆ. 'ನೀನು ನಮ್ಮ ಮನೆ ಮಗಳಿದ್ದಂತೆ, ನಿನಗೆ ಪುಣ್ಯ ಬರುತ್ತದೆ' ಎಂದು ಹೇಳಿ ಪಗಾರವನ್ನು ಎರಡು ತಿಂಗಳು ಮುಂದೂಡುವ ಮನೆಗಳಿವೆ. ಪುಣ್ಯವನ್ನು ಪಗಾರದ ಖಾತೆಯಲ್ಲಿ ಜಮಾ ತೋರಿಸುವುದು ಸುಳ್ಳು ಲೆಕ್ಕ. ಅಡತಿ ಅಂಗಡಿಯಲ್ಲಿ ಯಾವ ವ್ಯಾಪಾರಿಯೂ ಇಂಥ ನಮೂದನ್ನು ಒಪ್ಪುವುದಿಲ್ಲ. ಪ್ರೀತಿ ಪ್ರೀತಿಯೇ, ಪಗಾರ ಪಗಾರವೇ. ಪಗಾರ ಸರಿಯಾಗಿ ಸಂದಾಗಲೇ ಪ್ರೀತಿ ನಿರ್ಮಲವಾಗಿ ಉಳಿಯುತ್ತದೆ.

ಮನೆಯವರ ಕರ್ತವ್ಯ

1. ಕೆಲಸ, ಪಗಾರ, ಪಾವತಿಯ ತಾರೀಖು, ವಾರದ ರಜೆ ಇವನ್ನು ಮೊದಲ ದಿನವೇ ಕಾಗದದ ಮೇಲೆ ಬರೆಯಬೇಕು. ಪಗಾರ ಬ್ಯಾಂಕಿನ ಮೂಲಕ ಆದರೆ ಇಬ್ಬರಿಗೂ ಕ್ಷೇಮ.

2. ರಾತ್ರಿ ಎದ್ದವಳಿಗೆ ಹಗಲು ನಿದ್ದೆ ಕೊಡಬೇಕು. ಮಲಗಲು ಬಾಗಿಲಿರುವ ಜಾಗ ಬೇಕು, ಅಡಿಗೆಮನೆಯ ಮೂಲೆಯಲ್ಲ. ಮನೆಯವರು ಉಣ್ಣುವ ಅನ್ನವನ್ನೇ ಅವಳಿಗೂ ಬಡಿಸಬೇಕು.

3. ಆರೈಕೆಗೆ ಬಂದವಳಿಗೆ ಇಡೀ ಮನೆಯ ಬಟ್ಟೆ ಪಾತ್ರೆ ಒಪ್ಪಿಸಿದರೆ ರೋಗಿಯ ಆರೈಕೆ ಕೆಡುತ್ತದೆ.

4. ಅವಳ ಮಾನ ರಕ್ಷಣೆ ಮನೆಯವರ ಹೊಣೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮನೆಗೆಲಸದವರಿಗೂ ಅನ್ವಯಿಸುತ್ತದೆ. ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

5. ಆರೈಕೆಯವರನ್ನು ಇಟ್ಟ ಮಾತ್ರಕ್ಕೆ ಮಕ್ಕಳ ಕರ್ತವ್ಯ ತೀರುವುದಿಲ್ಲ. ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ ಆ ಹೊಣೆಯನ್ನು ಮಕ್ಕಳ ಮೇಲೆಯೇ ಇಟ್ಟಿದೆ. ದಿನಕ್ಕೊಂದು ಫೋನ್, ತಿಂಗಳಿಗೊಂದು ಭೇಟಿ ಇವನ್ನು ಹಣ ಕೊಟ್ಟು ಪರರಿಂದ ಮಾಡಿಸಲಾಗದು.

ಮಹಾರಾಷ್ಟ್ರದಲ್ಲಿ ಮನೆಗೆಲಸದವರಿಗಾಗಿ 2008ರ ಕಲ್ಯಾಣ ಮಂಡಳಿ ಕಾಯ್ದೆಯಿದೆ. ಅಸಂಘಟಿತ ಕಾರ್ಮಿಕರ ನೋಂದಣಿಗೆ ಕೇಂದ್ರದ ಇ-ಶ್ರಮ ವ್ಯವಸ್ಥೆ 2021ರಲ್ಲಿ ಬಂದಿದೆ. ಮನೆಗೆಲಸದವರಿಗೆ ಪ್ರತ್ಯೇಕ ಕಾನೂನು ಚೌಕಟ್ಟು ಬೇಕೇ ಎಂದು ಪರಿಶೀಲಿಸಲು ಸಮಿತಿ ರಚಿಸುವಂತೆ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇಂದ್ರ ಸರಕಾರಕ್ಕೆ ಸೂಚಿಸಿತು. ಆದರೆ ಮನೆಯೊಳಗಿನ ನ್ಯಾಯವು ಕಾನೂನಿಗಾಗಿ ಕಾಯಬೇಕಾಗಿಲ್ಲ.

ಆರೈಕೆ ಮಾಡುವವರ ಕರ್ತವ್ಯ

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದ ಕಥೆ ನಮ್ಮೆಲ್ಲರಿಗೂ ಗೊತ್ತಿದೆ. ಅದು ಈ ಕಾಯಕಕ್ಕೂ ಪಾಠ. ಪ್ರೀತಿಗೆ ಒಲಿದ ಹಿರಿಯರು ಉಂಗುರವನ್ನೋ ಹಣವನ್ನೋ ಕೊಡಲು ಬಂದರೆ ಮಕ್ಕಳಿಗೆ ತಿಳಿಸದೆ ಮುಟ್ಟಬಾರದು. ಕೊಟ್ಟ ಔಷಧ, ಆದ ಖರ್ಚು ಎಲ್ಲವನ್ನೂ ವಹಿಯಲ್ಲಿ ತಾರೀಖಿನೊಡನೆ ಬರೆದಿಡಬೇಕು. ಮನೆಯ ಗುಟ್ಟು ಹೊರಗೆ ಹೋಗಬಾರದು. ತಿಳಿಯದ ರೋಗಕ್ಕೆ ತಾನೇ ಮದ್ದು ಹೇಳಬಾರದು.

ಮನೆಮಂದಿ ಕೂಡಿ ಚರ್ಚಿಸಲು

1. ನಮ್ಮ ಮನೆಯ ಹಿರಿಯರನ್ನು ಹಗಲು ಯಾರು, ರಾತ್ರಿ ಯಾರು ನೋಡಿಕೊಳ್ಳುತ್ತಾರೆ? ಅವರಿಗೆ ಬಿಡುವು ಯಾವಾಗ?

2. ಪಗಾರವಿಲ್ಲದೆ ಆರೈಕೆ ಮಾಡುತ್ತಿರುವ ಸೊಸೆ ಅಥವಾ ಮಗಳ ದುಡಿಮೆ ನಮ್ಮ ಲೆಕ್ಕದಲ್ಲಿ ಎಲ್ಲಿದೆ?

3. ಆರೈಕೆಗೆ ಇಟ್ಟುಕೊಂಡವರ ಈ ತಿಂಗಳ ಪಗಾರ ತಾರೀಖಿಗೆ ಸಂದಿದೆಯೇ?

ಮೂರನೆಯ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಬಂದ ಮನೆಯವರು ಈ ಹಾಳೆಯನ್ನು ಕೆಳಗಿಟ್ಟು ಮೊದಲು ಬಾಕಿ ತೀರಿಸಬೇಕೆಂದು ನಮ್ಮ ವಿನಂತಿ. ಶರಣು.