ಬರಿದಾದ ಪುಟದ ರಹಸ್ಯ
ತಂತ್ರಾಂಶ ರಚಿಸುವವರಿಗೆ ತಾವು ಬಳಸುವ ಆಜ್ಞೆಗಳ ವಿವರಣೆ ಸದಾ ಕೈಗೆಟುಕುವಂತಿರಬೇಕು. ಇದಕ್ಕಾಗಿ 1997ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಜಾಲಪುಟಗಳು, ಚಿತ್ರಗಳು, ವಿಷಯಸೂಚಿ ಇವನ್ನೆಲ್ಲ ಸಂಕ್ಷೇಪಿಸಿ ‘ಸಿಎಚ್‌ಎಂ’ ಎಂಬ ಒಂದೇ ಕಡತದಲ್ಲಿ ಅಡಕಗೊಳಿಸಿತು. ಆದರೆ ಜಾಲಪುಟದಲ್ಲಿ ಬರಹದೊಡನೆ ಗಣಕವು ನೆರವೇರಿಸುವ ಆಜ್ಞೆಗಳೂ ಇರಬಹುದಷ್ಟೆ. ಅಪರಿಚಿತ ಕಡತದೊಳಗೆ ಕೇಡಿನ ಆಜ್ಞೆ ಅಡಗಿದ್ದರೆ? ಈ ಅಪಾಯವನ್ನು ತಡೆಯಲು 2005ರಲ್ಲಿ ವಿಂಡೋಸ್‌ಗೆ ರಕ್ಷಣಾ ತಿದ್ದುಪಡಿ ಬಂದಿತು. ಅಂದಿನಿಂದ ಇಂಥ ಕಡತವನ್ನು ಸ್ಥಳೀಯ ಜಾಲದ ಬೇರೊಂದು ಗಣಕದಿಂದಲೇ ತೆರೆದರೆ ವಿಷಯಸೂಚಿ ಕಾಣುವುದು, ಪುಟ ಮಾತ್ರ ಬರಿದಾಗಿರುವುದು. ಕಡತ ಕೆಟ್ಟಿತೆಂದು ನಾವು ಬಗೆಯಬಾರದು; ನಂಬಲರ್ಹವಾದರೆ ನಮ್ಮ ಗಣಕಕ್ಕೆ ನಕಲಿಸಿಕೊಂಡು ತೆರೆಯಬೇಕು. ಪುಟಗಳನ್ನು ಬಿಡಿಬಿಡಿಯಾಗಿ ಜಾಲತಾಣದಲ್ಲಿರಿಸುವುದು ಇನ್ನೊಂದು ಮಾರ್ಗ. ಆಗ ಬೇಕಾದ ಪುಟವಷ್ಟೇ ಬರುವುದು, ತಿದ್ದಿದುದೂ ಒಡನೆ ದೊರೆಯುವುದು. ಆದರೆ ಸಂಪರ್ಕ ಕಡಿದರೆ ವಿವರಣೆಯೂ ಇಲ್ಲ. ಆದುದರಿಂದ ಎರಡು ಬಗೆಯನ್ನೂ ನಾವು ಅರಿತಿರುವುದು ಲೇಸು.