ಮೂತ್ರಪಿಂಡ ಸೋತರೂ ಹೇಳಿಕೊಳ್ಳದು

ಬೆನ್ನಿನ ಬದಿ, ಕೆಳಪಕ್ಕೆಲುಬುಗಳ ಮರೆಯಲ್ಲಿ ಮುಷ್ಟಿ ಗಾತ್ರದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲೂ ನೆಫ್ರಾನ್ ಎಂಬ ಸೋಸುವ ಸೂಕ್ಷ್ಮ ಘಟಕಗಳು ಸುಮಾರು 10 ಲಕ್ಷ. ಇವು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬೇಕಾದ ನೀರು, ಸಕ್ಕರೆ, ಲವಣಗಳನ್ನು ಮರಳಿ ರಕ್ತಕ್ಕೆ ಸೇರಿಸುತ್ತವೆ. ಉಳಿಯುವ ಒಂದೂವರೆ ಲೀಟರಿನಷ್ಟು ಮೂತ್ರ ಎರಡು ನಾಳಗಳಲ್ಲಿ ಹನಿಹನಿಯಾಗಿ ಇಳಿದು ಮೂತ್ರಕೋಶ ತುಂಬುತ್ತದೆ.

ಬಿಸಿಲಲ್ಲಿ ದುಡಿಯುವವರು, ವೈದ್ಯರು ನೀರಿಗೆ ಮಿತಿ ಹೇಳಿರದಿದ್ದರೆ, ಬಾಯಾರುವ ಮೊದಲೇ ನೀರು ಕುಡಿಯಿರಿ. ಮೂತ್ರ ಕಡು ಹಳದಿಯಾದರೆ ಸಾಮಾನ್ಯವಾಗಿ ನೀರು ಸಾಲದೆಂದೇ ಅರ್ಥ. ಶೌಚಾಲಯ ಸರಿಯಿಲ್ಲವೆಂದು ಶಾಲೆಯ ಹುಡುಗಿಯರು, ದೂರದ ಬಸ್ಸು ಹತ್ತುವ ಮಹಿಳೆಯರು ನೀರನ್ನೇ ಬಿಡುತ್ತಾರೆ, ಮೂತ್ರ ತಡೆಯುತ್ತಾರೆ. ಹೆಂಗಸರಲ್ಲಿ ಮೂತ್ರ ಹೊರಹೋಗುವ ನಾಳದ ಉದ್ದ ಸುಮಾರು 4 ಸೆಂ.ಮೀ. ಮಾತ್ರ, ಸೋಂಕು ಬೇಗ ಮೇಲೇರುತ್ತದೆ. ಉರಿಮೂತ್ರದ ಜೊತೆ ಚಳಿಜ್ವರ, ಬೆನ್ನುನೋವು ಬಂದರೆ ಅಂದೇ ವೈದ್ಯರನ್ನು ಕಾಣಿ.

ಮೈಕೈ ನೋವೆಂದು ಮೆಡಿಕಲ್ ಶಾಪಿನಿಂದ ನೀವೇ ನೋವಿನ ಮಾತ್ರೆ ತಂದು ದಿನವೂ ನುಂಗಬೇಡಿ; ಅದು ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ಮೂತ್ರಪಿಂಡದ ಶಕ್ತಿ ಅರ್ಧಕ್ಕಿಂತ ಹೆಚ್ಚು ಕುಂದಿದರೂ ಎಷ್ಟೋ ಸಲ ನೋವು, ಬಾವು ಏನೂ ಕಾಣಿಸುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಇರುವವರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಪರೀಕ್ಷೆ ತಪ್ಪದೆ ಮಾಡಿಸಿಕೊಳ್ಳಿ.